ಅಳೆಯುವ ಮುನ್ನ



ಗಡಿನಾಡಿನ ನಮ್ಮ ತರುಣ ತರುಣಿಯರು ಶಿಕ್ಷಣಶಾಸ್ತ್ರದಲ್ಲಿಯೂ ಭಾಷಾಶಾಸ್ತ್ರದಲ್ಲಿಯೂ ಸಂಶೋಧನ ಪ್ರಬಂಧಗಳನ್ನು ಬರೆಯತೊಡಗಿರುವುದು ಸಂತೋಷದ ಸಂಗತಿ. ಆದರೆ ಅವರಲ್ಲಿ ಅನೇಕರು ಮೊದಲು ಕೇಳುವ ಮಾತು, “ಪ್ರಶ್ನಾವಳಿಯಲ್ಲಿ ಎಷ್ಟು ಪ್ರಶ್ನೆಗಳಿರಬೇಕು, ಗುರುಗಳೇ?” ಎಂಬುದು. ತಾವು ಏನನ್ನು ತಿಳಿಯಬೇಕೆಂಬುದು ಅವರಿಗೆ ಇನ್ನೂ ನಿಶ್ಚಯವಾಗಿರುವುದಿಲ್ಲ. ಜೋಳವನ್ನು ಸೇರಿನಿಂದ ಅಳೆಯುತ್ತೇವೆ, ಹೊಲವನ್ನು ಗುಂಟೆಯ ಲೆಕ್ಕದಿಂದ. ವಸ್ತುವನ್ನು ಅರಿಯದೆ ಮಾಪನವನ್ನು ಕೈಗೆತ್ತಿಕೊಳ್ಳುವುದು ಉಚಿತವಲ್ಲ.

ನಮ್ಮ ಭಾಷೆಯ ವಿಷಯವನ್ನೇ ತೆಗೆದುಕೊಳ್ಳೋಣ. ಜನಗಣತಿಯವರು ಮನೆಮನೆಗೆ ಬಂದು ಮಾತೃಭಾಷೆ ಯಾವುದೆಂದೂ ತಿಳಿದಿರುವ ಬೇರೆ ಎರಡು ಭಾಷೆಗಳಾವುವೆಂದೂ ಬರೆದುಕೊಳ್ಳುತ್ತಾರೆ. ಕನ್ನಡಿಗರೆಷ್ಟು ಮಂದಿ ಎಂಬ ಪ್ರಶ್ನೆಗೆ ಇದು ಯೋಗ್ಯವಾದ ಮಾರ್ಗ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆ 1903ರಿಂದ 1928ರವರೆಗೆ ಸಂಪುಟಗಳಾಗಿ ಪ್ರಕಟವಾಯಿತು. ಬೈಬಲಿನ ದಾರಿತಪ್ಪಿದ ಮಗನ ಕಥೆಯನ್ನು ಆಯಾ ಭಾಷೆಗೆ ತಿರುಗಿಸಿ ತರಿಸಿಕೊಂಡದ್ದು ಅವರ ಪದ್ಧತಿ. ಒಂದೇ ಕಥೆಯಾದುದರಿಂದ ಭಾಷೆ ಭಾಷೆಗಳನ್ನು ಹೋಲಿಸುವುದು ಸಾಧ್ಯವಾಯಿತು.

ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಯವರೊಡನೆ ಉರ್ದು ಆಡುವವನ ಮಾತು ಹೇಗೆ ಮಾರ್ಪಡುತ್ತದೆಂಬುದು ಈ ಎರಡರಿಂದಲೂ ತಿಳಿಯುವುದಿಲ್ಲ. ಅದನ್ನು ತಿಳಿಯಲು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗಲಿ ಮಿರಜಗಳ ನೆರೆಯ ಕುಪವಾಡವನ್ನು ಆಯ್ದುಕೊಂಡರು. ಆಗ ಅದು ಸುಮಾರು 3000 ಜನರ ಹಳ್ಳಿ. ಇಂದು ಮಹಾನಗರಪಾಲಿಕೆಯ ಒಂದು ಭಾಗ. ಜನ ಆಡುವ ಮಾತನ್ನೇ ಸಂಗ್ರಹಿಸಿ, ಮೂರು ಭಾಷೆಗಳ ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, 1971ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಗ್ರಂಥದ ಕನ್ನಡದಲ್ಲಿ “ಇದು ನಿಮ್ಮ ಮನೆ” ಎಂದರೆ ಸಾಕು. ಅಲ್ಲಿಯವರು “ಇದು ನಿಮ್ಮ ಮನಿ ಐತಿ” ಎನ್ನುತ್ತಾರೆ. ಮರಾಠಿಯ ‘ಆಹೆ’ಗೆ ಸರಿಯಾಗಿ ಕನ್ನಡದಲ್ಲಿಯೂ ಒಂದು ಕ್ರಿಯಾಪದ ಬಂದು ಕುಳಿತಿದೆ. ಶಬ್ದಗಳು ಬೇರೆಯಾಗಿ ಉಳಿದರೂ ವಾಕ್ಯರಚನೆ ಒಂದಾಗುತ್ತಿದೆಯೆಂದು ಅವರು ತೋರಿಸಿದರು. ಶಾಲೆಯಲ್ಲಿ ಉಕ್ತಲೇಖನ ಬರೆಯಿಸಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಕಂಡರೂ ತಪ್ಪೆಂದು ಕೆಂಪು ಮಸಿಯಿಂದ ಗೀಟು ಹಾಕುತ್ತಿದ್ದೆವು. ಮುಂದೆ ಸೋನಲ್ ಕುಲಕರ್ಣಿ-ಜೋಶಿಯವರು ಅದೇ ಊರನ್ನು ಪುನಃ ಅಭ್ಯಸಿಸಿ, ಹಿಂದಿನವರ ನಿರ್ಣಯವನ್ನು ಒರೆಗೆ ಹಚ್ಚಿದರು. ಒಳ್ಳೆಯ ಪದ್ಧತಿಗೆ ಮರುಪರೀಕ್ಷೆಯ ಭಯವಿಲ್ಲ.

ಈಗ ನಮ್ಮ ವಿದ್ಯಾರ್ಥಿಗಳ ಮಾತಿಗೆ ಬರೋಣ. ಕನ್ನಡ ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆಂದು ತಿಳಿಯಬೇಕಾದರೆ ಹಾಜರಿ ಪುಸ್ತಕಗಳನ್ನು ಎಣಿಸಿರಿ. ಪಾಲಕರು ಮಕ್ಕಳನ್ನು ಬೇರೆ ಶಾಲೆಗೆ ಏಕೆ ಕಳಿಸುತ್ತಾರೆಂದು ತಿಳಿಯಬೇಕಾದರೆ ಹೌದು-ಅಲ್ಲಗಳ ಕಾಗದವನ್ನು ಬದಿಗಿಟ್ಟು, ಅವರ ಕಟ್ಟೆಯ ಮೇಲೆ ಕುಳಿತು ಸಾವಧಾನವಾಗಿ ಕೇಳಿರಿ. ಕೇಳುವವನು ಯಾರೆಂಬುದೂ ಉತ್ತರವನ್ನು ಬದಲಿಸುತ್ತದೆ: ಕನ್ನಡ ಶಾಲೆಯ ಮುಖ್ಯಾಧ್ಯಾಪಕನೇ ಕೇಳಿದರೆ ಮರ್ಯಾದೆಗಾಗಿಯಾದರೂ “ಕನ್ನಡವೇ ಬೇಕ್ರಿ” ಎಂದಾರು. ಒಂದು ಪ್ರಶ್ನೆಗೆ ಎರಡು ಪದ್ಧತಿಗಳು ಬೇಕಾದರೆ ಎರಡನ್ನೂ ಬಳಸಿರಿ.

ಇದು ಕೇವಲ ಪದವಿಯ ಮಾತಲ್ಲ. ತಪ್ಪು ಪದ್ಧತಿಯಿಂದ ಬಂದ ಅಂಕಿಯೊಂದು ಮುಂದೆ ಯಾರದೋ ಕೈಯಲ್ಲಿ ಶಾಲೆ ಮುಚ್ಚುವುದಕ್ಕೆ ಆಧಾರವಾಗಬಹುದು. ಆದುದರಿಂದ, ತಾಯಂದಿರೇ, ಮಹನೀಯರೇ, ಕಾಗದ ಹಿಡಿದ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆದು ಕೂಡ್ರಿಸಿರಿ. ನೀವು ಮನೆಯಲ್ಲಿ ಯಾರೊಡನೆ ಯಾವ ಮಾತನ್ನಾಡುತ್ತೀರೋ ಅದನ್ನು ಇದ್ದಂತೆಯೇ ಹೇಳಿರಿ. ಹೇಳುವ ಮುನ್ನ, “ತಂಗೀ, ನಿನಗೆ ತಿಳಿಯಬೇಕಾದ್ದೇನು?” ಎಂದು ಕೇಳಲು ಮರೆಯದಿರಿ.