ಕೂಸನ್ನು ಯಾರ ಕೈಗೆ ಕೊಟ್ಟು ಹೋಗೋಣ?

ಹೊಡೆತ ತಿನ್ನುವ ಹೆಂಗಸನ್ನು ಊರೆಲ್ಲ ಕೇಳುವುದು ಒಂದೇ ಮಾತು: "ಇಷ್ಟೆಲ್ಲ ಆದಮೇಲೂ ಆ ಮನೆಯಲ್ಲಿ ಯಾಕಿದ್ದೀಯೆ?" ಅವಳ ಉತ್ತರವೂ ಬಹುಮಟ್ಟಿಗೆ ಒಂದೇ: "ಮಕ್ಕಳಿಗೋಸ್ಕರ." ಇದನ್ನು ತಾಯಿಕರುಳಿನ ಮಾತೆಂದು ತಿಳಿದು ನಾವು ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನಾಗುತ್ತೇವೆ. ಕರುಳಿನ ಮಾತು ಹೌದು. ಆದರೆ ಅದರೊಳಗೆ ಒಂದು ಲೆಕ್ಕವೂ ಇದೆ. ಗಂಡನ ಮನೆ ಬಿಟ್ಟರೆ ದುಡಿಯಬೇಕು. ದುಡಿಯಲು ಹೋದರೆ ಎರಡು ವರ್ಷದ ಕೂಸನ್ನು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಯಾರು ನೋಡಬೇಕು? ತವರಿನಲ್ಲಿ ಅತ್ತಿಗೆ ಮುಖ ತಿರುಗಿಸುತ್ತಾಳೆ. ಪಕ್ಕದ ಮನೆಯವರು ನಾಲ್ಕು ದಿನ ನೋಡಿಯಾರು, ಐದನೆಯ ದಿನ? ಈ ಪ್ರಶ್ನೆಗೆ ಉತ್ತರ ಸಿಗದೆ ಅದೇ ಹೊಸ್ತಿಲಿಗೆ ಮರಳಿ ಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದ್ದರಿಂದ ವರದಕ್ಷಿಣೆ, ದೌರ್ಜನ್ಯಗಳ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಶಿಶುಪಾಲನೆಯ ಮಾತು ಯಾಕೆ ಎಂದು ಯಾರೂ ಕೇಳಬೇಡಿ.

ದೊಡ್ಡಬಳ್ಳಾಪುರದ ಕಡೆಯ ಒಬ್ಬ ಸೊಸೆಯ ವಿಷಯ ಹೇಳುತ್ತೇನೆ. ಮದುವೆಯಲ್ಲಿ ಒಪ್ಪಿಕೊಂಡಿದ್ದ ಸರ ಬಂದಿಲ್ಲವೆಂದು ದಿನಾ ಜಗಳ. ಆಕೆ ಗಾರ್ಮೆಂಟ್ಸ್‌ಗೆ ಹೋಗಲು ಶುರುಮಾಡಿದಳು. ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಸಂಬಳದ ದಿನ ಹಣವನ್ನು ಪೂರ್ತಿ ಅತ್ತೆಯ ಕೈಗಿಡಬೇಕು, ಇಲ್ಲದಿದ್ದರೆ ಮಾರನೆಯ ದಿನ "ನನಗೆ ಮಂಡಿನೋವು, ನಿನ್ನ ಮಗು ನೀನೇ ನೋಡಿಕೋ" ಎಂಬ ಮಾತು. ಕೊನೆಗೆ ಅವಳನ್ನು ಮನೆಯಿಂದ ಹೊರಗೆ ಹಾಕಿದ ದಿನ ಮಗುವನ್ನು ಒಳಗೇ ಇಟ್ಟುಕೊಂಡರು. ಮಗು ಅಲ್ಲಿದ್ದ ಮೇಲೆ ಅವಳು ಎಲ್ಲಿಗೆ ಹೋಗುತ್ತಾಳೆ? ಎರಡೇ ದಿನದಲ್ಲಿ ಕಾಲು ಹಿಡಿದು ವಾಪಸ್ಸು ಬಂದಳು. ವರದಕ್ಷಿಣೆ ಕಂತಿನ ಮೇಲೆ ವಸೂಲಾಗುತ್ತಲೇ ಇತ್ತು, ಒತ್ತೆಯಿಟ್ಟಿದ್ದು ಕೂಸು.

ಎಲ್ಲ ಅತ್ತೆಯರೂ ಹೀಗೆಂದು ನಾನು ಹೇಳುತ್ತಿಲ್ಲ. ಮೊಮ್ಮಗುವನ್ನು ಎತ್ತಿಕೊಂಡು ಸೊಸೆಯನ್ನು ಕೆಲಸಕ್ಕೂ ಓದಿಗೂ ಕಳಿಸಿದ ಅಜ್ಜಿಯರು ನಮ್ಮ ಸಂಘಗಳಲ್ಲೇ ಇದ್ದಾರೆ. ಆದರೆ ಬೇರೆ ದಾರಿಯೇ ಇಲ್ಲದಾಗ ಒಳ್ಳೆಯವರ ಉಪಕಾರವೂ ಹಂಗಾಗುತ್ತದೆ. ಬೇರೆ ದಾರಿಯಿದ್ದರೆ ಅಜ್ಜಿಗೂ ಗೌರವ, ಸೊಸೆಗೂ ಗೌರವ.

ಆ ಬೇರೆ ದಾರಿಗಳು ಯಾವುವು? ಮೊದಲನೆಯದು ನಮ್ಮ ಅಂಗನವಾಡಿ. ಅಂಗಳದಲ್ಲೇ ಮಕ್ಕಳನ್ನು ಸೇರಿಸಿ ಆಡಿಸುವ, ಕಲಿಸುವ ಯೋಚನೆ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಎಂಬಿಬ್ಬರು ಹೆಂಗಸರು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಮಾಡಿ ತೋರಿಸಿದ್ದು. ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿ ಕಾರ್ಯಕರ್ತೆ ನಮಗೆ ಹೊರಗಿನವಳಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳನ್ನು ಕಟ್ಟಲು ಮನೆಮನೆ ತಿರುಗಿದವಳು ಅವಳೇ. ಆದರೆ ಅಂಗನವಾಡಿ ಮುಚ್ಚುವ ಹೊತ್ತಿಗೆ ಗಾರ್ಮೆಂಟ್ಸ್ ಪಾಳಿ ಮುಗಿದಿರುವುದಿಲ್ಲ, ಮತ್ತು ಮೂರು ವರ್ಷದೊಳಗಿನ ಕೂಸನ್ನು ಅಲ್ಲಿ ದಿನವಿಡೀ ಇಟ್ಟುಕೊಳ್ಳುವ ಏರ್ಪಾಡು ಹೆಚ್ಚಿನ ಕಡೆ ಇಲ್ಲ. ಈ ಕೊರತೆ ತುಂಬಲೆಂದೇ ಕೇಂದ್ರ ಸರ್ಕಾರ 2022ರಲ್ಲಿ ಹಳೆಯ ಶಿಶುಪಾಲನಾ ಯೋಜನೆಯನ್ನು 'ಪಾಲ್ನಾ' ಎಂಬ ಹೆಸರಿಗೆ ತಂದು, ಅಂಗನವಾಡಿಯ ಜೊತೆಗೇ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಕ್ರೆಶ್ ನಡೆಸುವ ಮಾತಾಡಿತು. ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂದಿತು. ಎಲ್ಲ ಊರಿಗೂ ಇವು ಬಂದಿಲ್ಲ. ನಿಮ್ಮ ಊರಿಗೆ ಬಂದಿದೆಯೇ, ಬಂದದ್ದು ಬಾಗಿಲು ತೆರೆಯುತ್ತಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳುವವರು ಬೇಕು, ಅಷ್ಟೆ.

ಎರಡನೆಯದು ಕೆಲಸದ ಜಾಗದ ಕ್ರೆಶ್. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರಿದ್ದ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇಡಬೇಕಿತ್ತು. ಮಾಲೀಕರು ಏನು ಮಾಡುತ್ತಿದ್ದರು? ಹೆಂಗಸರ ಸಂಖ್ಯೆಯನ್ನು ಅಷ್ಟರೊಳಗೇ ತೋರಿಸುವವರೂ ಇದ್ದರು, ಕೋಣೆಗೆ ಬಣ್ಣ ಬಳಿದು ಬೀಗ ಹಾಕಿ ತನಿಖೆಯವರಿಗೆ ಮಾತ್ರ ತೆರೆಯುವವರೂ ಇದ್ದರು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಈ ಲೆಕ್ಕ ಬದಲಿಸಿತು. ಗಂಡಸರೂ ಸೇರಿ 50 ಜನರಿದ್ದರೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡು ಉಳಿದಿವೆ. ಈ ನಾಲ್ಕು ಭೇಟಿ ಸೂಪರ್‌ವೈಸರನ ದಯೆಯಲ್ಲ. ಆದರೆ ಮನೆಯಲ್ಲೇ ಮಗ್ಗ ನಡೆಸುವವಳಿಗೆ, ಬೀಡಿ ಕಟ್ಟುವವಳಿಗೆ, ನಾಲ್ಕು ಮನೆ ಪಾತ್ರೆ ತಿಕ್ಕುವವಳಿಗೆ ಈ ಕಾನೂನು ಬಾಗಿಲನ್ನೂ ತೋರಿಸುವುದಿಲ್ಲ. ಉಳಿಯುವುದು ಮೂರನೆಯ ದಾರಿ, ಓಣಿಯಲ್ಲಿ ದುಡ್ಡು ತೆಗೆದುಕೊಂಡು ಮಕ್ಕಳನ್ನು ನೋಡಿಕೊಳ್ಳುವ 'ಬೇಬಿ ಸಿಟ್ಟಿಂಗ್'. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಅಲ್ಲಿಗೇ.

ಅಲ್ಲಿಗೆ ಹೋದಾಗ ಏನು ನೋಡಬೇಕು? ಎಷ್ಟು ದುಡ್ಡು ಎನ್ನುವುದು ಮೊದಲ ಪ್ರಶ್ನೆ, ಇಂಗ್ಲಿಷ್ ಹೇಳಿಕೊಡುತ್ತಾರಾ ಎನ್ನುವುದು ಎರಡನೆಯದು. ದುಡ್ಡಿನ ಪ್ರಶ್ನೆ ನ್ಯಾಯವಾದದ್ದು. ಇಂಗ್ಲಿಷಿನ ಗೀಳನ್ನು ಮಾತ್ರ ದಯವಿಟ್ಟು ಬಿಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳಾಗಿ ಹೇಳುತ್ತೇನೆ, ಎರಡು ವರ್ಷದಲ್ಲಿ ಪದ್ಯ ಬಾಯಿಪಾಠ ಮಾಡಿದ್ದರಿಂದ ಯಾರೂ ಪದವಿ ಪಾಸಾದದ್ದನ್ನು ನಾನು ನೋಡಿಲ್ಲ. ಆ ವಯಸ್ಸಿನ ಕೂಸಿಗೆ ಬೇಕಾದದ್ದು ತನ್ನ ಮನೆಮಾತಿನಲ್ಲಿ ತನ್ನೊಡನೆ ಮಾತಾಡುವ ಒಂದು ಜೀವ. ಗೋಡೆಯ ಮೇಲಿನ ಕಾರ್ಟೂನು ಚಿತ್ರ ನೋಡಿ ಮರುಳಾಗಬೇಡಿ. ಚಿತ್ರ ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಮಕ್ಕಳನ್ನು ಎಣಿಸಿ, ಕೈಗಳನ್ನೂ ಎಣಿಸಿ. ಕೇಂದ್ರ ಸರ್ಕಾರ 2018ರಲ್ಲಿ ಕ್ರೆಶ್‌ಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ, ಅದಕ್ಕಿಂತ ದೊಡ್ಡವರಾದರೆ 20 ಮಕ್ಕಳಿಗೆ ಒಬ್ಬ ತರಬೇತಾದ ಹೆಂಗಸು, ಜೊತೆಗೆ ಸಹಾಯಕಿ ಎಂದಿದೆ. ಹತ್ತು ಕೂಸುಗಳೆಂದರೂ ಹೆಚ್ಚೇ ಎನ್ನುವುದು ಹೆತ್ತವರಿಗೆ ಗೊತ್ತು. ಒಬ್ಬಳೇ ಹೆಂಗಸು ಹದಿನೈದು ತೊಟ್ಟಿಲ ಕೂಸುಗಳನ್ನು ಇಟ್ಟುಕೊಂಡಿದ್ದರೆ ಅವಳೆಷ್ಟೇ ಒಳ್ಳೆಯವಳಾಗಲಿ, ಆಗದ ಕೆಲಸ.

ಹೇಳದೆ ಕೇಳದೆ ಮಧ್ಯಾಹ್ನ ಹೋಗಿ. ಸೇರಿಸುವ ಮುಂಚೆ ಒಂದು ಸಲ, ಸೇರಿಸಿದ ಮೇಲೆ ಆಗಾಗ. "ಈಗ ಮಕ್ಕಳು ಮಲಗಿದ್ದಾರೆ, ತಾಯಂದಿರನ್ನು ನೋಡಿದರೆ ಅಳುತ್ತಾರೆ, ಒಳಗೆ ಬಿಡುವುದಿಲ್ಲ" ಎನ್ನುವ ಜಾಗ ನನಗೆ ಬೇಡ. ಬಾಗಿಲು ತಾಯಿಗೆ ಯಾವಾಗಲೂ ತೆರೆದಿರಬೇಕು. ಬೀದಿಗೆ ಹೋಗುವ ಬಾಗಿಲಿಗೆ ಮಾತ್ರ ಕೂಸಿನ ಕೈಗೆಟುಕದ ಚಿಲಕವಿರಬೇಕು. ನೀರಿನ ಸಂಪಿಗೆ, ಬಕೆಟ್ಟಿಗೆ ಮುಚ್ಚಳವಿದೆಯೇ, ಒಲೆ ಎಲ್ಲಿದೆ, ಸೀಮೆಎಣ್ಣೆ, ಫಿನಾಯಿಲ್ ಎಲ್ಲಿಟ್ಟಿದ್ದಾರೆ? ಹೇಲು ತೊಳೆದ ಕೈಯನ್ನು ಸೋಪು ಹಚ್ಚಿ ತೊಳೆದು ಆಮೇಲೆ ಅನ್ನ ಕಲಸುತ್ತಾರೆಯೇ? ಇದೆಲ್ಲ ಕಣ್ಣಿಗೆ ಕಾಣುತ್ತದೆ, ಯಾರನ್ನೂ ಕೇಳಬೇಕಿಲ್ಲ.

ನಿದ್ದೆಯ ಬಗ್ಗೆ ಮಾತ್ರ ಬಾಯಿಬಿಟ್ಟು ಕೇಳಿ. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರೆಂದು ಆಗಿನ ಸರ್ಕಾರಿ ವರದಿಗಳಲ್ಲೇ ಇದೆ. ಕಟುಕ ತಾಯಂದಿರೇನಲ್ಲ, ಪಾಳಿಗೆ ಹೋಗದಿದ್ದರೆ ರಾತ್ರಿ ಗಂಜಿಯಿರಲಿಲ್ಲ. ಈಗ ಅಫೀಮಿಲ್ಲ, ಶೀತ ಕೆಮ್ಮಿನ ಸಿರಪ್ಪಿದೆ. ಕುಡಿಸಿದರೆ ಕೂಸು ಮಂಪರಿನಲ್ಲಿ ಬಿದ್ದಿರುತ್ತದೆ. ಸಂಜೆ ಕರೆದುಕೊಂಡು ಬರುವಾಗ ಮಗು ದಿನಾ ತೂಕಡಿಸುತ್ತಿದ್ದರೆ, ರಾತ್ರಿ ಕಣ್ಣರಳಿಸಿಕೊಂಡು ಕೂತರೆ ಅನುಮಾನ ಪಡಿ. ನಾನು ಕೊಡದ ಯಾವ ಔಷಧಿಯನ್ನೂ ಕುಡಿಸಕೂಡದು ಎಂದು ಮೊದಲ ದಿನವೇ ಹೇಳಿ.

ಮಗು ಹೊಸ ಜಾಗದಲ್ಲಿ ವಾರ ಹತ್ತು ದಿನ ಅಳುವುದು ಸಹಜ. ತಿಂಗಳಾದರೂ ಅದೇ ಅಳು, ಒಬ್ಬ ವ್ಯಕ್ತಿಯನ್ನು ಕಂಡರೆ ಮಾತ್ರ ನಡುಕ, ಸ್ನಾನ ಮಾಡಿಸುವಾಗ ಮೈ ಮುಟ್ಟಗೊಡದಿರುವುದು, ತೊಡೆಯ ಸಂದಿಯಲ್ಲಿ ಕೆಂಪು, ಇವು ಸಹಜವಲ್ಲ. ನೋಡಿಕೊಳ್ಳುವವಳು ಎಷ್ಟು ಒಳ್ಳೆಯವಳೋ ಅಷ್ಟೇ ಮುಖ್ಯ, ಆ ಮನೆಯಲ್ಲಿ ಹಗಲು ಇನ್ನು ಯಾರು ಯಾರು ಇರುತ್ತಾರೆ ಎಂಬುದು. ಅವಳ ಗಂಡ, ಮೈದುನ, ಬಾಡಿಗೆಯವರು? ಕೇಳಲು ಸಂಕೋಚವಾಗುತ್ತದೆ. ಸಂಕೋಚಪಟ್ಟುಕೊಂಡೇ ಕೇಳಿ. ಇಂಥದ್ದು ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಾನ ಹೋಗುತ್ತದೆಂದು ಮುಚ್ಚಿಡುವುದು ಕೂಡ ಅಪರಾಧ. 1098ಕ್ಕೆ ಫೋನ್ ಮಾಡಿದರೂ ಸಹಾಯ ಸಿಗುತ್ತದೆ.

ಈಗ ಜಗಳದ ಮನೆಯಿಂದ ಹೊರಬಂದವಳ ವಿಷಯಕ್ಕೆ ಬರುತ್ತೇನೆ. ಅವಳು ಹುಡುಕುವ ಜಾಗಕ್ಕೆ ಮೇಲಿನದೆಲ್ಲ ಬೇಕು, ಜೊತೆಗೆ ಇನ್ನೊಂದು ಬೇಕು. ಮಧ್ಯಾಹ್ನ ಗಂಡ ಬಂದು "ನಾನು ಇದರ ಅಪ್ಪ, ಕೊಡಿ" ಎಂದರೆ ಏನು ಮಾಡುತ್ತೀರಿ ಎಂದು ಅವಳು ಮೊದಲೇ ಕೇಳಿರಬೇಕು. ಹೆಚ್ಚಿನವರು ಕೊಟ್ಟುಬಿಡುತ್ತಾರೆ. ಅವರನ್ನು ಬೈದು ಫಲವಿಲ್ಲ, ಕಾನೂನಿನ ಕಣ್ಣಿಗೂ ಅವನು ಅಪ್ಪನೇ. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯ್ದೆಯಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಿದ್ದರೂ ಬೇಬಿ ಸಿಟ್ಟಿಂಗಿನವಳು ಕಾನೂನು ಓದಿ ಬಾಗಿಲು ಅಡ್ಡಹಾಕುವುದಿಲ್ಲ. ಅವಳ ಕೈಯಲ್ಲಿ ಒಂದು ಕಾಗದ ಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ಮನೆಯಲ್ಲಿ ಉಳಿಯುವ ಹಕ್ಕು, ಖರ್ಚಿನ ಹಣ ಕೇಳುವಾಗಲೇ ಇದನ್ನೂ ಅರ್ಜಿಯಲ್ಲಿ ಸೇರಿಸಿ, ನಮ್ಮವರು ಇದನ್ನು ಮರೆಯುತ್ತಾರೆ. ಆದೇಶ ಸಿಕ್ಕಿದ ದಿನವೇ ಒಂದು ನಕಲು ಕ್ರೆಶ್‌ಗೆ ಕೊಡಿ. ಆದೇಶ ಬರುವವರೆಗೆ, ಯಾರ್ಯಾರ ಕೈಗೆ ಮಗುವನ್ನು ಕೊಡಬಹುದು ಎಂದು ಹೆಸರು ಬರೆದು ಸಹಿ ಮಾಡಿ ಕೊಡಿ. ಬೇರೆ ಯಾರು ಬಂದರೂ ಕೊಡುವ ಮುಂಚೆ ನನಗೆ ಫೋನ್ ಮಾಡಿ ಎಂದು ಅದರಲ್ಲೇ ಬರೆಯಿರಿ.

ಇಲ್ಲೊಂದು ಅನುಕೂಲವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯ ಪ್ರಕಾರ ದೂರು ಬರೆದುಕೊಳ್ಳಬೇಕಾದ ಸಂರಕ್ಷಣಾಧಿಕಾರಿ ನಮ್ಮ ರಾಜ್ಯದ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಗಳನ್ನು ನಡೆಸುವ ಸಿ.ಡಿ.ಪಿ.ಓ. ಏಟಿನ ದೂರಿಗೂ ಕೂಸಿನ ಜಾಗಕ್ಕೂ ಮೆಟ್ಟಿಲು ಒಂದೇ. ದೂರು ಕೊಡಲು ಹೋದವಳು "ನನ್ನ ಮಗುವನ್ನು ಹಗಲು ಎಲ್ಲಿಡಲಿ, ಅದಕ್ಕೂ ದಾರಿ ತೋರಿಸಿ" ಎಂದು ಅಲ್ಲೇ ಕೇಳಬಹುದು. ಕಚೇರಿಯವರು ಎರಡನ್ನೂ ಬೇರೆ ಬೇರೆ ಕಡತವೆಂದು ತಿಳಿದಿದ್ದಾರೆ. ಅವಳಿಗದು ಒಂದೇ ಬದುಕು. ತುರ್ತಿದ್ದರೆ 181ಕ್ಕೆ ಫೋನ್ ಮಾಡಿ.

ಇಷ್ಟನ್ನೆಲ್ಲ ಒಬ್ಬಳೇ ತಾಯಿ ಮಾಡಬೇಕೆಂದರೆ ಆಗದು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತುವವಳು ಯಾವಾಗ ನಾಲ್ಕು ಜಾಗ ನೋಡಿ ಬರುತ್ತಾಳೆ? ಸಂಘದಲ್ಲಿ ಐದು ಸಾವಿರ ಸಾಲ ಕೊಡುವ ಮುಂಚೆ ನಾವು ಎಷ್ಟು ವಿಚಾರಿಸುತ್ತೇವೆ! ಯಾತಕ್ಕೆ, ಹೇಗೆ ತೀರಿಸುತ್ತಾಳೆ, ಯಾರು ಜಾಮೀನು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಕೂಸಿನ ವಿಷಯದಲ್ಲಿ ಮಾತ್ರ "ಅದು ಅವರವರ ಮನೆ ವಿಚಾರ" ಎನ್ನುತ್ತೇವೆ. ಹೆಂಡತಿಗೆ ಹೊಡೆಯುವುದನ್ನೂ ಒಂದು ಕಾಲಕ್ಕೆ ಹೀಗೇ ಅನ್ನುತ್ತಿದ್ದೆವಲ್ಲ.

ಇಬ್ಬರು ಸದಸ್ಯೆಯರು, ಅವರಲ್ಲೊಬ್ಬಳು ಮಕ್ಕಳನ್ನು ಸಾಕಿದ ಹಿರಿಯಳಾದರೆ ಒಳ್ಳೆಯದು, ಓಣಿಯ ಎಲ್ಲ ಜಾಗಗಳನ್ನೂ ತಿಂಗಳಿಗೊಮ್ಮೆ ನೋಡಿ ಬಂದು ಸಭೆಯಲ್ಲಿ ಹೇಳಲಿ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ತಾಯಂದಿರಿಗೆ ಜಾಗವಿದೆ, ಹೆಸರಿಗೆ ಮಾತ್ರ ಇರುವ ಆ ಜಾಗದಲ್ಲಿ ಹೋಗಿ ಕೂರಿ. ಯಾವುದೂ ಸರಿಯಿಲ್ಲದಿದ್ದರೆ ಸಂಘವೇ ಒಂದು ಕೋಣೆ ಹಿಡಿಯಬಹುದು. 1969ರಲ್ಲಿ ದೆಹಲಿಯ ರಾಜಘಾಟದಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿ ಹೆಂಗಸರ ಮಕ್ಕಳು ಮಣ್ಣಿನಲ್ಲಿ ಬಿದ್ದಿರುವುದನ್ನು ನೋಡಿ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆಯಲ್ಲಿ ಅವರನ್ನು ನೋಡಿಕೊಳ್ಳಲು ಶುರುಮಾಡಿದರು. ಇಂದಿನ ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹಾಗೆ.

ಕೋಣೆ ಹಿಡಿದರೆ ಒಂದು ಮಾತು ಮೊದಲೇ ಗೊತ್ತುಮಾಡಿಕೊಳ್ಳಿ. ಮಕ್ಕಳನ್ನು ನೋಡಿಕೊಳ್ಳುವವಳಿಗೆ ಎಷ್ಟು ಕೊಡುತ್ತೀರಿ? "ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ, ಏನೋ ಕೊಟ್ಟರಾಯಿತು" ಎಂಬ ಲೆಕ್ಕ ಬೇಡ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಎಳೆಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ, ಮಣ್ಣು ಹೊರುವವಳಿಗೆ ಕೊಡುವಷ್ಟೇ ಕೂಲಿ ಅವಳಿಗೂ ಕೊಡಬೇಕೆಂದು ಬರೆದಿದ್ದರು. ಅಷ್ಟಾದರೂ ಕೊಡಿ. ಆ ಕೆಲಸಕ್ಕೆ ಜನ ಹುಡುಕುವಾಗ ಸಂಘದಲ್ಲಿ ಮನೆಬಿಟ್ಟು ಬಂದವಳು ಯಾರಾದರೂ ಇದ್ದಾಳೆಯೇ ಎಂದು ಮೊದಲು ನೋಡಿ. ತನ್ನ ಕೂಸನ್ನೂ ಕಣ್ಣೆದುರಿಗೆ ಇಟ್ಟುಕೊಂಡು ದುಡಿಯಬಹುದಾದ ಕೆಲಸ ಅವಳಿಗೆ ಬೇರೆಲ್ಲಿ ಸಿಕ್ಕೀತು?