ಒಂದೇ ದಾರಿ, ಒಂದೇ ಗಳಿಗೆ

ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಕಂಬಶಾಸನ ಓದಲು ಕತ್ತು ಓರೆ ಮಾಡಬೇಕು. 5ನೇ ಶತಮಾನದ ಈ ಎಂಟು ಮುಖದ ಕಲ್ಲಿನಲ್ಲಿ ಕುಬ್ಜ ಕವಿಯ ಸಂಸ್ಕೃತ ಸಾಲುಗಳು ಬುಡದಿಂದ ಮೇಲಕ್ಕೆ ಹತ್ತುತ್ತವೆ. ಒಂದು ಸಾಲು ಮುಗಿದರೆ ಕಣ್ಣು ಮತ್ತೆ ಬುಡಕ್ಕಿಳಿಯಬೇಕು. ಹೀಗೆ ಹತ್ತಿಳಿಯುವಾಗಲೇ ನನಗೊಂದು ಹಳೆಯ ಒಗಟು ನೆನಪಾಗಿ, ಜೊತೆಗಿದ್ದ ತಂಗಿಯ ಮಗನ ಮುಂದಿಟ್ಟೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್‌ನ ಪುಸ್ತಕ 1945ರಲ್ಲಿ ಇಂಗ್ಲಿಷಿಗೆ ಬಂತು; ಅದರಲ್ಲಿರುವ ಒಗಟು ಇದು. ಆಮೇಲೆ ಜನ ಹೇಳುತ್ತ ಬಂದ ರೂಪದಲ್ಲಿ ಬೆಟ್ಟ ಹತ್ತುವವನು ಬೌದ್ಧ ಭಿಕ್ಷು. ನಾನು ಅವನ ಬದಲು ನಮ್ಮ ಕಡೆಯವನೊಬ್ಬನನ್ನು ಸೊರಬದ ಚಂದ್ರಗುತ್ತಿಗೆ ಹತ್ತಿಸಿದೆ. ಬೆಳಿಗ್ಗೆ ಆರಕ್ಕೆ ಹೊರಟ. ರೇಣುಕಾಂಬೆಗೆ ಕೈಮುಗಿದು, ನೆರಳು ಕಂಡಲ್ಲೆಲ್ಲ ಕೂತು, ಕವಳ ಹಾಕಿ, ಮೇಲಿನ ಕೋಟೆ ಮುಟ್ಟುವಾಗ ಸಂಜೆ. ಮರುದಿನ ಆರಕ್ಕೇ ಅದೇ ದಾರಿಯಲ್ಲಿ ಇಳಿದ, ಮಧ್ಯಾಹ್ನದೊಳಗೆ ಕೆಳಗಿದ್ದ. ಎರಡೂ ದಿನ ಸರಿಯಾಗಿ ಒಂದೇ ಗಳಿಗೆಗೆ ಅವನು ದಾಟಿದ ಜಾಗವೊಂದು ಇರಲೇಬೇಕೇ?

ಹುಡುಗ ಮೊಬೈಲ್ ತೆಗೆದ. "ಎಷ್ಟು ಕಿಲೋಮೀಟರ್ ಮಾವ? ಎಷ್ಟು ಹೊತ್ತು ಕೂತಿದ್ದ?"

"ಲೆಕ್ಕ ಬಿಡು. ಒಂದೇ ದಿನ ಇಬ್ಬರನ್ನು ಹೊರಡಿಸು. ಒಬ್ಬ ನಿನ್ನೆಯಂತೆ ಹತ್ತಲಿ, ಇನ್ನೊಬ್ಬ ಇಂದಿನಂತೆ ಇಳಿಯಲಿ."

ಅರೆಗಳಿಗೆ ಸುಮ್ಮನಿದ್ದ. "ಎದುರಾಗ್ಲೇಬೇಕು! ಆದ್ರೆ ಎಲ್ಲಿ?"

ಅದನ್ನು ಒಗಟು ಹೇಳುವುದಿಲ್ಲ. ಜಾಗ ಇದೆ ಎನ್ನುವುದಷ್ಟೇ ಗೊತ್ತಾಗುತ್ತದೆ, ಎಲ್ಲಿ ಎಂಬುದು ಗೊತ್ತಾಗುವುದಿಲ್ಲ. ನನಗೆ ರುಚಿಸುವುದೇ ಅದು. 9ನೇ ಶತಮಾನದ ನಮ್ಮ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದ ದಾರಿಹೋಕರು ಬೇರೆ ಜಾತಿಯವರು: ಒಬ್ಬನದು ಒಂದೇ ನಡಿಗೆ, ಇನ್ನೊಬ್ಬ ದಿನೇದಿನೇ ಹೆಚ್ಚಿಸುವವನು. ಒಬ್ಬ ದಿನಕ್ಕೆ 5 ಹರದಾರಿ, ಮತ್ತೊಬ್ಬ 2, 3, 4 ಎಂದು ಏರಿಸುತ್ತ ನಡೆದರೆ 7ನೇ ದಿನದ ಕೊನೆಗೆ ಇಬ್ಬರೂ 35ನೇ ಹರದಾರಿಯಲ್ಲಿ. ಅಲ್ಲಿ ಅಂಕಿಯಿಲ್ಲದೆ ಹೆಜ್ಜೆ ಕೀಳುವಂತಿಲ್ಲ.

ಚಂದ್ರಗುತ್ತಿಯವನಿಗೆ, ಹೊರಡುವ ಗಳಿಗೆ ಒಂದೇ ಆದಮೇಲೆ, ಬೇಕಾದ ಷರತ್ತು ಒಂದೇ: ಹೋದ ದಾರಿಯಲ್ಲೇ ಬರಬೇಕು. ಈ ಕಂಬದ ಶಾಸನದಲ್ಲಿ ಬರುವ ಕದಂಬ ವಂಶದ ಮೂಲಪುರುಷ ಮಯೂರಶರ್ಮ ಹಾಗೆ ಬಂದವನಲ್ಲ. ಗುರು ವೀರಶರ್ಮನ ಜೊತೆ ವೇದ ಓದಲು ಕಂಚಿಯ ಘಟಿಕೆಗೆ ಹೋದವನು, ಪಲ್ಲವರ ಕುದುರೆಯಾಳಿನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಶ್ರೀಪರ್ವತದ ಕಾಡು ಸೇರಿದ.

"ಹಂಗಾದ್ರೆ ಇವನಿಗೆ ಒಗಟು ಹೊಂದಲ್ಲ," ಎಂದ ಹುಡುಗ. ಮೊಬೈಲ್ ಜೇಬಿಗಿಟ್ಟು, ಕತ್ತು ಓರೆ ಮಾಡಿ, ಓದಲು ಬಾರದ ಆ ಲಿಪಿಯಲ್ಲಿ ಕಂಚಿ ಎಲ್ಲಿದೆಯೆಂದು ಬುಡದಿಂದ ಹುಡುಕತೊಡಗಿದ.