ಮೆತ್ತೆ ಮಾರುವವರ ಮಾತು

ನೈಕಿ ಕಂಪನಿಯ ‘ಏರ್’ ಷೂಗಳಲ್ಲಿ ವರ್ಷಗಟ್ಟಲೆ ಇದ್ದದ್ದು ಗಾಳಿಯಲ್ಲ. ಬಾಹ್ಯಾಕಾಶ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದ ಫ್ರಾಂಕ್ ರೂಡಿ, ಪ್ಲಾಸ್ಟಿಕ್ ಚೀಲದಲ್ಲಿ ಅನಿಲ ತುಂಬಿ ಅಟ್ಟೆಯೊಳಗೆ ಕೂರಿಸುವ ಉಪಾಯವನ್ನು ಆ ಕಂಪನಿಗೆ ಕೊಟ್ಟರು. 1978ರ ಹೊನೊಲುಲು ಮ್ಯಾರಥಾನ್ ಹೊತ್ತಿಗೆ ‘ಟೈಲ್‌ವಿಂಡ್’ ಹೆಸರಿನಲ್ಲಿ ಅದು ಅಂಗಡಿಗೆ ಬಂತು. ಮಾಮೂಲಿ ಗಾಳಿ ಇಂಥ ಚೀಲದಿಂದ ನಿಧಾನಕ್ಕೆ ಸೋರಿಹೋಗುತ್ತದೆ, ದೊಡ್ಡ ಅಣುಗಳ ಅನಿಲವಾದರೆ ನಿಲ್ಲುತ್ತದೆ. ಹಾಗಾಗಿ ತುಂಬಿದ್ದು ಸಲ್ಫರ್ ಹೆಕ್ಸಾಫ್ಲೋರೈಡ್. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಪರಿಸರದವರ ಗಲಾಟೆಯ ನಂತರ, 2006ರಲ್ಲಿ, ಕಂಪನಿ ಅದನ್ನು ಪೂರ್ತಿ ಬಿಟ್ಟು ನೈಟ್ರೋಜನ್‌ಗೆ ಬದಲಾಯಿತು. ಒಳಗಿನ ವಸ್ತು ಬದಲಾದರೂ ಹೊರಗಿನ ಹೆಸರು ಒಂದಕ್ಷರ ಬದಲಾಗಲಿಲ್ಲ.

ಓಟದ ಷೂಗಳ ಮೆತ್ತೆಯ ಚರಿತ್ರೆಯನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಚರಿತ್ರೆ ಎಂದೇ ಹೇಳುತ್ತಾರೆ. ಎಪ್ಪತ್ತರ ದಶಕದಲ್ಲಿ ಇವಿಎ ಫೋಮ್, 1986ರಲ್ಲಿ ಏಸಿಕ್ಸ್‌ನ ಜೆಲ್, 2013ರಲ್ಲಿ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಜೊತೆ ಸೇರಿ ಅಡಿಡಾಸ್ ತಂದ ಬೂಸ್ಟ್, 2017ರಲ್ಲಿ ಪೀಬ್ಯಾಕ್ಸ್ ಫೋಮಿನ ನಡುವೆ ಕಾರ್ಬನ್ ಫಲಕವಿಟ್ಟ ನೈಕಿ ವೇಪರ್‌ಫ್ಲೈ. ಇವೆಲ್ಲ ನಿಜವಾದ ವಸ್ತುಗಳೇ. ಆದರೆ ಅಷ್ಟೇ ಮುತುವರ್ಜಿಯಿಂದ ತಯಾರಾದ ಇನ್ನೊಂದು ಸರಕಿದೆ, ಅದು ಮಾತು. 1987ರ ಏರ್ ಮ್ಯಾಕ್ಸ್‌ನಲ್ಲಿ ಟಿಂಕರ್ ಹ್ಯಾಟ್‌ಫೀಲ್ಡ್ ಅಟ್ಟೆಗೆ ಕಿಟಕಿ ಕೊರೆದು ಚೀಲ ಕಾಣುವಂತೆ ಮಾಡಿದರು. ಕೊಳವೆಗಳನ್ನೆಲ್ಲ ಹೊರಗಿಟ್ಟು ಕಟ್ಟಿದ ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್ ಅವರಿಗೆ ಸ್ಫೂರ್ತಿ. ಚೆಂದದ ವಿನ್ಯಾಸ, ಅನುಮಾನವಿಲ್ಲ. ಕಿಟಕಿಯಿಂದ ಪಾದಕ್ಕೆ ಬಂದ ಲಾಭ ಮಾತ್ರ ಏನೂ ಇಲ್ಲ. ಅದು ಕೊಳ್ಳುವವರ ಕಣ್ಣಿಗೆ ತೆರೆದ ಕಿಟಕಿ.

ಆ ಮಾತಿನ ಮೊದಲ ಭರವಸೆ: ಮೆತ್ತೆ ಇದ್ದರೆ ಮಂಡಿ ಉಳಿಯುತ್ತದೆ. ಕೇಳಿದರೆ ಎಷ್ಟು ಸಹಜ ಅನ್ನಿಸುತ್ತದೆಂದರೆ ಯಾರೂ ಪುರಾವೆ ಕೇಳಲಿಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕೇಳಿದರು. ಹಿಮ್ಮಡಿ ಎತ್ತರಿಸಿ, ಮೆತ್ತೆಯಿಟ್ಟು, ಪಾದ ಒಳಕ್ಕೆ ವಾಲದಂತೆ ತಡೆಯುವ ಷೂಗಳು ದೂರ ಓಡುವವರ ಗಾಯವನ್ನು ಕಡಿಮೆ ಮಾಡುತ್ತವೆಯೇ ಎಂದು ಪ್ರಕಟವಾದ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಹೌದೆಂದು ತೋರಿಸುವ ಒಂದು ಸರಿಯಾದ ಪ್ರಯೋಗವೂ ಸಿಗಲಿಲ್ಲ. ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಅದು ಅಚ್ಚಾಯಿತು. ಅಂದರೆ ಮೂರು ದಶಕ ಔಷಧದ ಹಾಗೆ ಮಾರಿದ ವಸ್ತುವಿಗೆ ಔಷಧದ ಪರೀಕ್ಷೆಯೇ ಆಗಿರಲಿಲ್ಲ.

ಬರಿಗಾಲಿನ ಪಕ್ಷದವರು ಇದರಿಂದ ಬೀಗಬೇಕಾಗಿಲ್ಲ. ಅದೇ ವರ್ಷ ಬಂದ ‘ಬಾರ್ನ್ ಟು ರನ್’ ಪುಸ್ತಕದ ಅಲೆಯಲ್ಲಿ ಐದು ಬೆರಳಿನ ಷೂ ಮಾರಿದ ವಿಬ್ರಮ್ ಕಂಪನಿ, ತನ್ನ ಆರೋಗ್ಯದ ಹೇಳಿಕೆಗಳಿಗೆ ಆಧಾರವಿಲ್ಲವೆಂಬ ಮೊಕದ್ದಮೆಯಲ್ಲಿ 2014ರಲ್ಲಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ತಪ್ಪೊಪ್ಪಿಗೆ ಇರಲಿಲ್ಲ. ಮೆತ್ತೆ ತೆಗೆದು ಮಾರಿದರೂ ಮಾತು ಅದೇ ಕಾರ್ಖಾನೆಯದು.

ಹಾಗಂತ ಮೆತ್ತೆ ಬರೀ ಸುಳ್ಳೂ ಅಲ್ಲ. ಲಕ್ಸೆಂಬರ್ಗ್‌ನಲ್ಲಿ 848 ಹವ್ಯಾಸಿ ಓಟಗಾರರಿಗೆ ನೋಡಲು ಒಂದೇ ಥರದ ಎರಡು ಬಗೆಯ ಷೂ ಹಂಚಿ ಆರು ತಿಂಗಳು ಗಮನಿಸಿದರು. 2020ರಲ್ಲಿ ಫಲಿತಾಂಶ ಬಂತು: ಗಟ್ಟಿ ಅಟ್ಟೆಯವರಲ್ಲಿ ಗಾಯದ ಅಪಾಯ ಸುಮಾರು ಒಂದೂವರೆ ಪಟ್ಟು. ಸ್ವಾರಸ್ಯ ಇರುವುದು ಅದರ ನಂತರದ ಸಾಲಿನಲ್ಲಿ. ಮೆತ್ತಗಿನ ಷೂಗಳ ಪ್ರಯೋಜನ ಸ್ಪಷ್ಟವಾಗಿ ಕಂಡದ್ದು ತೂಕ ಕಡಿಮೆ ಇದ್ದವರಲ್ಲಿ. ‘ಸರ್, ನಿಮ್ಮ ವೇಯ್ಟಿಗೆ ಇದೇ ಬೇಕು’ ಎಂದು ಅತಿ ದಪ್ಪದ, ಅತಿ ದುಬಾರಿಯ ಡಬ್ಬಿಯನ್ನು ಕೆಳಗಿಳಿಸುವ ಮಾಲಿನ ಹುಡುಗನಿಗೆ ಇದು ಗೊತ್ತಿರಬೇಕಾಗಿಲ್ಲ. ಅವನಿಗೆ ತರಬೇತಿ ಕೊಟ್ಟವರಿಗೆ ಗೊತ್ತಿರಬೇಕು.

2017ರ ನಂತರ ಭರವಸೆ ಸದ್ದಿಲ್ಲದೆ ಮಗ್ಗುಲು ಬದಲಿಸಿತು. ಮಂಡಿ ಉಳಿಸುತ್ತೇವೆ ಎನ್ನುತ್ತಿದ್ದವರು ವೇಗ ಕೊಡುತ್ತೇವೆ ಎಂದರು. ವೇಪರ್‌ಫ್ಲೈನ ಹೆಸರಿನಲ್ಲೇ 4% ಇತ್ತು. ಅದು ಬೌಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗದಿಂದ ಬಂದ ಅಂಕಿ. ಹಣ ನೈಕಿಯದು, ಓಡಿದವರು 18 ಮಂದಿ ಪಳಗಿದ ಪುರುಷರು, ವೇಗ ಗಂಟೆಗೆ 14ರಿಂದ 18 ಕಿ.ಮೀ. ಉಳಿದದ್ದು ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸರಾಸರಿ ಶೇ. 4. ಪ್ರಯೋಗದಲ್ಲಿ ದೋಷವಿಲ್ಲ. ಆದರೆ ‘ಶಕ್ತಿಯಲ್ಲಿ’, ‘ಸರಾಸರಿ’, ‘ಆ ವೇಗದಲ್ಲಿ’ ಎಂಬ ಮೂರು ಮಾತು ಡಬ್ಬಿಗೆ ಹತ್ತುವಾಗ ಉದುರಿಹೋದವು. ಸಂಖ್ಯೆ ಮಾತ್ರ ಉಳಿಯಿತು, ಅದನ್ನು ಜನ ಸಮಯ ಎಂದು ಓದಿಕೊಂಡರು. ಇದೇ ಜಾತಿಯ ಷೂಗಳನ್ನು ಆಮೇಲೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಪರೀಕ್ಷಿಸಿದಾಗ ಸರಾಸರಿ ಉಳಿತಾಯ ಶೇ. 1ಕ್ಕೂ ಕೆಳಗಿಳಿದಿತ್ತು; ಕೆಲವರಿಗೆ ನಷ್ಟವೇ ಆಗಿತ್ತು. ಗಂಟೆಗೆ 10 ಕಿ.ಮೀ. ಎಂದರೆ ಮ್ಯಾರಥಾನ್ ಮುಗಿಸಲು ನಾಲ್ಕೂಕಾಲು ಗಂಟೆ. ಜನವರಿಯಲ್ಲಿ ಮುಂಬೈಯ ಪೆಡ್ಡರ್ ರೋಡಿನ ಏರು ಹತ್ತುವ ಹವ್ಯಾಸಿಗಳಲ್ಲಿ ಎಷ್ಟೋ ಜನ ಇದಕ್ಕಿಂತ ನಿಧಾನ.

ಇಷ್ಟವಿದ್ದವರು ಕೊಳ್ಳುತ್ತಾರೆ, ಯಾರ ಗಂಟು ಹೋಯಿತು ಎನ್ನಬಹುದು. ಗಂಟು ಹೋಗುವುದು ನಿಜವಾಗಿ ಓಡಿ ಬದುಕು ಕಟ್ಟಿಕೊಳ್ಳುವವರದು. ಮುಂಚೂಣಿಯ ವೇಗದಲ್ಲಿ ಈ ಷೂಗಳ ಲಾಭ ಖಂಡಿತ ಇದೆ. 2020ರ ಜನವರಿ 31ರಂದು ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟಕ್ಕೆ ಅಟ್ಟೆ 40 ಮಿ.ಮೀ. ಮೀರಬಾರದು, ಫಲಕ ಒಂದೇ ಇರಬೇಕು, ಷೂ ನಾಲ್ಕು ತಿಂಗಳು ಮಾರುಕಟ್ಟೆಯಲ್ಲಿ ಸಿಕ್ಕಿರಬೇಕು ಎಂದು ನಿಯಮ ಮಾಡಿತು. ಸಿಗುವುದೂ ಕೊಳ್ಳಲಾಗುವುದೂ ಒಂದೇ ಎಂದುಕೊಂಡ ನಿಯಮವಿದು. 2023ರಲ್ಲಿ ಬರ್ಲಿನ್‌ನಲ್ಲಿ ಟಿಗ್ಸ್ಟ್ ಅಸೆಫಾ ವಿಶ್ವದಾಖಲೆ ಬರೆದಾಗ ತೊಟ್ಟಿದ್ದ ಅಡಿಡಾಸ್ ಷೂ ಬೆಲೆ 500 ಡಾಲರ್. ಒಂದು ಮ್ಯಾರಥಾನ್, ಅದಕ್ಕೆ ಮುಂಚಿನ ಒಂದಿಷ್ಟು ರೂಢಿ, ಅಷ್ಟಕ್ಕೇ ಮಾಡಿದ್ದು ಎಂದು ಕಂಪನಿಯೇ ಹೇಳಿತು. ಜಿಲ್ಲಾ ಕ್ರೀಡಾಂಗಣದಲ್ಲಿ ವರ್ಷವಿಡೀ ಒಂದೇ ಜೊತೆ ಸವೆಸುವ ಹುಡುಗಿಗೆ ಆ ಬೆಲೆಯೂ ಆ ಆಯುಷ್ಯವೂ ಗುರುತು ಹತ್ತುವಂಥದ್ದಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಹತ್ತು ರೂಪಾಯಿಯ ಬಿಸ್ಕತ್ ಪೊಟ್ಟಣದ ಹಿಂದೆ ಮೈದಾ ಎಷ್ಟು, ಸಕ್ಕರೆ ಎಷ್ಟು ಎಂದು ಅಚ್ಚಾಗಿರುತ್ತದೆ. ಷೂ ಡಬ್ಬಿಯ ಮೇಲೂ ಫೋಮ್ ಯಾವುದು, ಹಿಮ್ಮಡಿಯ ಅಡಿ ಎಷ್ಟು ಮಿಲಿಮೀಟರ್, ಎಷ್ಟು ಕಿಲೋಮೀಟರ್‌ಗೆ ಅದರ ಪುಟಿತ ಇಳಿಯುತ್ತದೆ, ಹೇಳಿಕೆಯನ್ನು ಯಾರ ಮೇಲೆ ಯಾವ ವೇಗದಲ್ಲಿ ಪರೀಕ್ಷಿಸಿದರು, ಹಣ ಯಾರದು ಎಂದು ಬರೆಯಲಿ. ಕಂಪನಿಗಳ ಪ್ರಯೋಗಾಲಯದಲ್ಲಿ ಈ ಲೆಕ್ಕವೆಲ್ಲ ಇದೆ. ಇಲ್ಲದಿದ್ದರೆ ಆ ಷೂ ತಯಾರಾಗುತ್ತಲೇ ಇರಲಿಲ್ಲ. ಸದ್ಯಕ್ಕೆ ಇಪ್ಪತ್ತು ಸಾವಿರದ ಡಬ್ಬಿಯನ್ನು ತಿರುಗಿಸಿದರೆ ಸಿಗುವುದು ಸೈಜು, ಬಣ್ಣ, ಎಂಆರ್‌ಪಿ, ಆಮದು ಮಾಡಿಕೊಂಡವರ ವಿಳಾಸ.